ಒಂದು ಶಬ್ದಕ್ಕೆ ಮೂರು ತಿಂಗಳು

‘ಎಂತದು ಮಾರಾಯರೇ, ಒಂದು ಶಬ್ದಕ್ಕೆ ಮೂರು ತಿಂಗಳೇ? ನಿಘಂಟು ತೆರೆದರೆ ಮುಗಿಯುವ ಕೆಲಸ ಅದು.’ ಕಳೆದ ಮಳೆಗಾಲದಲ್ಲಿ ನಮ್ಮ ಮಾಷ್ಟ್ರು ಹೀಗೆ ಹೇಳಿದಾಗ ಅಲ್ಲಿದ್ದ ಇಬ್ಬರು ಅನುವಾದಕ ಗೆಳೆಯರೂ ತಲೆಯಾಡಿಸಿದ್ದರು. ಮಾಷ್ಟ್ರು ಕನ್ನಡ ಪಾಠ ಮಾಡಿ ನಿವೃತ್ತರಾದವರು, ನನ್ನ ಕರಡುಗಳನ್ನು ಹದಿನೈದು ವರ್ಷಗಳಿಂದ ತಿದ್ದಿದವರು. ಅವರ ಮಾತಿಗೆ ನಾನು ಎದುರಾಡುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಎದುರಾಡಿದೆ. ಈಗ ಪುಸ್ತಿಕೆ ಅಚ್ಚಾಗಿ ಬಂದಿದೆ. ನಾನು ಹಾಕಿದ ಶಬ್ದವನ್ನು ಯಾರೂ ಅಲುಗಾಡಿಸಿಲ್ಲ. ಹಾಗಾಗಿ ಮಾಡಿದ್ದು ಹೇಗೆ ಎಂದು ಬರೆದಿಡುತ್ತಿದ್ದೇನೆ.

ಶಬ್ದ ‘ಐಕನೊಕ್ಲಾಸ್ಟ್’. ಬೇರೂರಿದ ನಂಬಿಕೆಗಳನ್ನು ಪ್ರಶ್ನಿಸುವವನು ಎಂದು ಇಂಗ್ಲಿಷಿನಲ್ಲಿ ಅದರ ಈಗಿನ ಅರ್ಥ. ಕೆಲಸ ವೈದ್ಯ ಸೆಮ್ಮೆಲ್‌ವೈಸ್ ಅವರ ಕಿರು ಜೀವನಚರಿತ್ರೆಯ ಅನುವಾದ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ, ಶವಪರೀಕ್ಷೆ ಮುಗಿಸಿ ಬರುವ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಹಟ ಹಿಡಿದವರು ಅವರು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರು ಒಪ್ಪಲಿಲ್ಲ. ಇಂಗ್ಲಿಷ್ ಮೂಲದಲ್ಲಿ ಸೆಮ್ಮೆಲ್‌ವೈಸ್ ಅವರನ್ನು ಮೊದಲ ಅಧ್ಯಾಯದಲ್ಲೊಮ್ಮೆ, ಕೊನೆಯ ಅಧ್ಯಾಯದಲ್ಲೊಮ್ಮೆ ‘ಐಕನೊಕ್ಲಾಸ್ಟ್’ ಎಂದು ಕರೆದಿದ್ದರು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಿಘಂಟಿನಿಂದ ‘ವಿಗ್ರಹಭಂಜಕ’ವನ್ನು ಎತ್ತಿ ಇಟ್ಟೆ. ಎರಡನೆಯ ದಿನವೇ ಪ್ರಕಾಶನದಿಂದ ಸಂಪಾದಕಿ ಫೋನ್ ಮಾಡಿದರು. ‘ಸರ್, ಇದನ್ನು ಓದಿದವರು ಈ ಡಾಕ್ಟರು ದೇವಸ್ಥಾನಕ್ಕೆ ನುಗ್ಗಿದ್ದರೆಂದು ತಿಳಿಯುವುದಿಲ್ಲವೇ? ನಮ್ಮ ಊರಿನಲ್ಲಿ ಈ ಶಬ್ದ ಸುಮ್ಮನೆ ಬಿದ್ದಿರುವುದಿಲ್ಲ.’ ಮಾತು ನಿಜ. ಅದರ ಮೇಲೆ ‘ವಿಗ್ರಹ’ಕ್ಕೆ ಇನ್ನೊಂದು ಹಳೆಯ ಅರ್ಥವಿದೆ, ಯುದ್ಧ. ರಾಜರ ಕಾಲದ ಸಂಧಿವಿಗ್ರಹಿಯ ಕೆಲಸವೇ ಸಂಧಿ ಮತ್ತು ಯುದ್ಧ. ಆ ಲೆಕ್ಕದಲ್ಲಿ ವಿಗ್ರಹಭಂಜಕ ಎಂದರೆ ಜಗಳ ಬಿಡಿಸುವವನೂ ಆಗಬಹುದು. ಇಷ್ಟು ಸಡಿಲವಾದ ಶಬ್ದದಿಂದ ಒಬ್ಬ ವೈದ್ಯನನ್ನು ಕಟೆದು ನಿಲ್ಲಿಸಲಾಗದು.

ಎರಡನೆಯ ಸೋಲು ‘ಸಂಪ್ರದಾಯಭಂಜಕ’. ವ್ಯಾಕರಣ ಸರಿ, ಅರ್ಥ ಸರಿ, ಆದರೆ ವಾಕ್ಯದಲ್ಲಿ ಉಸಿರಿಲ್ಲ. ಏಕೆಂದು ಹುಡುಕಲು ಹೋಗಿ ಎರಡು ವಾರ ಧಾತುಗಳ ಹಿಂದೆ ಅಲೆದೆ. ಹಣದ ದೃಷ್ಟಿಯಿಂದ ಶುದ್ಧ ನಷ್ಟ. ಆದರೆ ಅಲ್ಲಿ ಸಿಕ್ಕಿದ್ದನ್ನು ಹೇಳದೆ ಮುಂದೆ ಹೋಗಲಾರೆ. ‘ಸಂಪ್ರದಾಯ’ದಲ್ಲಿರುವುದು ‘ದಾ’, ಎಂದರೆ ಕೊಡುವುದು. ಇಂಗ್ಲಿಷಿನ ‘ಟ್ರೆಡಿಷನ್’ ಬಂದದ್ದು ಲ್ಯಾಟಿನ್ನಿನ ‘ತ್ರಾದೆರೆ’ಯಿಂದ. ಅದರೊಳಗಿರುವ ‘ದಾರೆ’ಯೂ ಕೊಡುವುದೇ, ನಮ್ಮ ‘ದಾ’ದ ದಾಯಾದಿ. ಎರಡೂ ಕಡೆ ಒಂದೇ ಚಿತ್ರ: ಹಿರಿಯರ ಕೈಯಿಂದ ಕಿರಿಯರ ಕೈಗೆ ದಾಟುವ ವಸ್ತು. ಇನ್ನೂ ಬೆರಗಿನ ಸಂಗತಿಯೆಂದರೆ, ದ್ರೋಹಿ ಎಂಬ ಅರ್ಥದ ‘ಟ್ರೇಟರ್’ ಹುಟ್ಟಿದ್ದೂ ಅದೇ ‘ತ್ರಾದೆರೆ’ಯಿಂದ. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ದಮನ ಆರಂಭಿಸಿದಾಗ, ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟವರನ್ನು ಉಳಿದವರು ‘ತ್ರಾದಿತೋರ್’ ಎಂದು ಜರೆದರು. ಮಗನಿಗೆ ಕೊಟ್ಟರೆ ಸಂಪ್ರದಾಯ, ಶತ್ರುವಿಗೆ ಕೊಟ್ಟರೆ ದ್ರೋಹ. ಕ್ರಿಯಾಪದ ಮಾತ್ರ ಒಂದೇ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಶಬ್ದ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಆಮೇಲೆ ಕಾರ್ಡುಗಳಿಗೆ ಬಂದೆ. ನಿಘಂಟು ಮಾಡುವವರು ಕಾರ್ಡು ಬಳಸುವುದು ಹೊಸತಲ್ಲ. ನಾನು ಬದಲಿಸಿದ್ದು ಕಾರ್ಡಿನಲ್ಲಿ ಬರೆಯುವುದನ್ನು. ಧಾತು, ಅರ್ಥ, ಪರ್ಯಾಯ ಎಲ್ಲವನ್ನೂ ಕೈಬಿಟ್ಟೆ. ಇಡೀ ವಾಕ್ಯ, ಇಸವಿ, ಯಾರು ಹೇಳಿದರು, ಯಾರನ್ನು ಕುರಿತು ಹೇಳಿದರು, ಇಷ್ಟೇ. ಐದನೆಯದೊಂದು ಸಾಲಿದೆ. ಅದೇ ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸದೆ ಇಸವಿಯ ಪ್ರಕಾರ ಜೋಡಿಸಬೇಕು. ಮಾಷ್ಟ್ರಿಗೆ ಒಪ್ಪಿಗೆಯಾಗದೆ ಇದ್ದದ್ದು ಇದೇ. ‘ಹುಡುಕಿದರೆ ಸಿಗದ ಹಾಗೆ ಜೋಡಿಸುತ್ತೀರಲ್ಲ’ ಎಂದರು.

ಮೊದಲ ಇನ್ನೂರು ಕಾರ್ಡುಗಳನ್ನು ಜುಲೈ ತಿಂದುಹಾಕಿತು. ಶೂ ಪೆಟ್ಟಿಗೆಯಲ್ಲಿಟ್ಟು ಕಿಟಕಿಯ ಪಕ್ಕದ ಕಪಾಟಿಗೆ ಸೇರಿಸಿದ್ದೆ. ಮಂಗಳೂರಿನ ಮಳೆಗಾಲ ಗೊತ್ತಿದ್ದವನು ಮಾಡಬಾರದ ಕೆಲಸ. ಒಂದು ವಾರ ಉಡುಪಿಗೆ ಓಡಾಡಿ ಬಂದು ತೆರೆದರೆ ಬೂದು ಬೂಷ್ಟು, ಜೆಲ್ ಪೆನ್ನಿನ ಶಾಯಿ ಹಬ್ಬಿ ಇಸವಿಗಳೇ ಅಳಿಸಿಹೋಗಿದ್ದವು. ಎಪ್ಪತ್ತೋ ಎಂಬತ್ತೋ ಮಾತ್ರ ಉಳಿದವು. ಆಮೇಲೆ ಪೆನ್ಸಿಲಿನಲ್ಲೇ ಬರೆದೆ. ಕಪಾಟಿನ ಕೆಳ ಅಂಕಣದಲ್ಲಿ ಹಳೆಯ ನಲವತ್ತು ವ್ಯಾಟಿನ ಬಲ್ಬು ಹೊತ್ತಿಸಿಟ್ಟೆ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಸಾಲದು, ಪ್ರಯತ್ನಿಸಿ ನೋಡಿದ್ದೇನೆ.

ಕಾರ್ಡುಗಳು ಮುನ್ನೂರು ದಾಟುವಾಗ ಒಂದು ಸಂಗತಿ ತಾನಾಗಿ ಎದ್ದು ನಿಂತಿತು. ಗ್ರೀಕಿನಲ್ಲಿ ‘ಐಕನ್’ ಎಂದರೆ ಚಿತ್ರ, ‘ಕ್ಲಾಸ್ಟ್’ ಎಂದರೆ ಮುರಿದವನು. ಎಂಟನೆಯ ಶತಮಾನದಲ್ಲಿ ಬೈಜಾಂಟಿಯಂ ಚಕ್ರವರ್ತಿ ಮೂರನೆಯ ಲಿಯೊ ಕ್ರೈಸ್ತರ ಪೂಜೆಯ ಚಿತ್ರಪಟಗಳನ್ನು ನಿಷೇಧಿಸಿದ. 787ರಲ್ಲಿ ನೈಸೀಯದಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಸಭೆ ಅವನ್ನು ಮರಳಿ ತಂದಿತು. 815ರಲ್ಲಿ ಮತ್ತೆ ನಿಷೇಧ, 843ಕ್ಕೆ ಕೊನೆಗೂ ಪಟಗಳ ಪಕ್ಷಕ್ಕೆ ಗೆಲುವು. ಈ ಹೆಸರನ್ನು ಇಟ್ಟವರು ಪಟಗಳ ಪಕ್ಷದವರು, ಬೈಗುಳವಾಗಿ. ಅದೇ ಶಬ್ದವನ್ನು 1649ರಲ್ಲಿ ಇಂಗ್ಲಿಷ್ ಕವಿ ಜಾನ್ ಮಿಲ್ಟನ್, ಶಿರಚ್ಛೇದಕ್ಕೊಳಗಾದ ಇಂಗ್ಲೆಂಡಿನ ದೊರೆಯ ಹೊಗಳಿಕೆಯನ್ನು ಒಡೆಯಲು ಬರೆದ ಕೃತಿಗೆ ಹೆಮ್ಮೆಯಿಂದ ಹೆಸರಾಗಿಸಿದ. ನಂಬಿಕೆಗಳನ್ನು ಪ್ರಶ್ನಿಸುವವನು ಎಂಬ ಈಗಿನ ಅರ್ಥ ಬೇರೂರಿದ್ದು 19ನೆಯ ಶತಮಾನದಲ್ಲಿ.

‘ಹೆರೆಟಿಕ್’ ಇನ್ನೊಂದು, ಧರ್ಮದ ಒಪ್ಪಿತ ಮತವನ್ನು ಒಪ್ಪದವನು ಎಂಬ ಬೈಗುಳ. ಅದರ ಮೂಲದ ಗ್ರೀಕ್ ಶಬ್ದಕ್ಕೆ ಆಯ್ಕೆ ಎಂಬುದೇ ಅರ್ಥ. ತತ್ತ್ವಶಾಸ್ತ್ರದ ಪಂಥಗಳಿಗೆಲ್ಲ ಅದೇ ಹೆಸರಿತ್ತು, ತಿರಸ್ಕಾರ ಇರಲಿಲ್ಲ. ನಮ್ಮ ‘ಪಾಷಂಡಿ’ಯ ಕಥೆ ಅದರ ಅವಳಿಯಂತಿದೆ. ಅಶೋಕನ 12ನೆಯ ಶಿಲಾಶಾಸನದಲ್ಲಿ ಅರಸ ಎಲ್ಲ ‘ಪಾಸಂಡ’ಗಳನ್ನೂ ಗೌರವಿಸುತ್ತೇನೆ ಎನ್ನುತ್ತಾನೆ. ಅಲ್ಲಿ ಅದಕ್ಕೆ ಪಂಥ ಎಂಬುದಷ್ಟೇ ಅರ್ಥ. ಈ ಶಾಸನದ ಭಾಗ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಮನುಸ್ಮೃತಿಗೆ ಬಂದರೆ ಅದೇ ಶಬ್ದ ಊರಿನಿಂದ ಹೊರಗಟ್ಟಬೇಕಾದವನ ಹೆಸರು. ಅಕ್ಷರ ಹೆಚ್ಚೇನೂ ಬದಲಾಗಿಲ್ಲ, ಆಡುವ ಬಾಯಿ ಬದಲಾಗಿದೆ. ಸಂಪ್ರದಾಯ ಮುರಿದವರ ಹೆಸರುಗಳಲ್ಲಿ ಹೆಚ್ಚಿನವನ್ನು ಇಟ್ಟವರು ಒಳಗೆ ಉಳಿದವರು. ಹಾಗಾದರೆ ನಾನು ಹುಡುಕಬೇಕಾದದ್ದು ಗ್ರಂಥಗಳಲ್ಲಿ ಅಲ್ಲ, ಮನೆಯ ಒಳಗೆ ಉಳಿದವರ ಬಾಯಲ್ಲಿ ಎಂದು ಹೊಳೆಯಿತು.

ನಡುವೆ ‘ಮಾವೆರಿಕ್’ ಮೇಲೆ ಒಂದು ಪ್ರಯೋಗ ಮಾಡಿದ್ದೆ. ಟೆಕ್ಸಾಸಿನ ವಕೀಲ ಸ್ಯಾಮ್ಯುಯೆಲ್ ಮಾವೆರಿಕ್ ತನ್ನ ದನಗಳಿಗೆ ಬರೆ ಹಾಕಿ ಗುರುತು ಮಾಡಿಸದೆ ಬಿಟ್ಟ. ಗುರುತಿಲ್ಲದ ದನಕ್ಕೆಲ್ಲ ಅವನ ಹೆಸರೇ ಬಂತು, ಆಮೇಲೆ ಹಿಂಡು ಸೇರದ ಮನುಷ್ಯನಿಗೂ. ನಮ್ಮಲ್ಲಿ ‘ಬೀಡಾಡಿ’ ದನಕ್ಕೂ ಇದೆ, ಮನುಷ್ಯನಿಗೂ ಇದೆ. ಹಾಕಿದರೆ ಹೇಗೆ ಎಂದು ನಾಲ್ಕು ಜನಕ್ಕೆ ಓದಿ ಹೇಳಿದೆ. ನಾಲ್ವರೂ ಮುಖ ಸಿಂಡರಿಸಿದರು. ಅಲ್ಲಿ ಅದು ಮೆಚ್ಚುಗೆ, ಇಲ್ಲಿ ನಿಂದೆ. ಕೈಬಿಟ್ಟೆ.

ಶಬ್ದ ಸಿಕ್ಕಿದ್ದು ಉಡುಪಿಯ ದಾರಿಯಲ್ಲಿ. ಅಲ್ಲಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಹೊರತಂದ ತುಳು ನಿಘಂಟಿನ ಆರು ಸಂಪುಟಗಳಲ್ಲಿ, 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ‘ಕಟ್ಟು’ ಎಂಬುದರ ಸುತ್ತ ಎಷ್ಟು ಬಗೆಯ ಮಾತುಗಳಿವೆ ಎಂದು ನೋಡುತ್ತಿದ್ದೆ. ತುಳುನಾಡಿನಲ್ಲಿ ಕಟ್ಟು ಎಂದರೆ ರೂಢಿ, ನಿಯಮ. ಆಸ್ತಿ ತಾಯಿಯ ಕಡೆಯಿಂದ ಇಳಿಯುವುದು ಅಳಿಯಕಟ್ಟು, ತಂದೆಯಿಂದ ಮಕ್ಕಳಿಗೆ ಇಳಿಯುವುದು ಮಕ್ಕಳಕಟ್ಟು ಎಂದು ಈಗಲೂ ಹೇಳುತ್ತೇವಲ್ಲ. ಅದೇ ಧ್ಯಾನದಲ್ಲಿ ಕಾಪು ಕಡೆಯ ಒಂದು ಹಳೆಯ ಮನೆಗೆ ಹೋದೆ. ಎಂಬತ್ತು ದಾಟಿದ ಅಜ್ಜಿ ಅಂಗಳದ ತುದಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದರು. ಬಾಳೆನಾರನ್ನು ಕಾಲ್ಬೆರಳಿಗೆ ಸುತ್ತಿಕೊಂಡು, ನಾಲ್ಕು ಮೊಗ್ಗು ಇಟ್ಟು ಒಂದು ಗಂಟು ಬಿಗಿಯುತ್ತಾ ಮಾತಾಡಿದರು. ಅವರ ಮನೆಯಲ್ಲಿ ಇಬ್ಬರಿಗೆ ಹೆಸರು ಬಿದ್ದಿತ್ತಂತೆ. ಒಬ್ಬ ಮಾವ ಜಾತಿಯ ಹೊರಗೆ ಮದುವೆಯಾದ. ಅವನು ಕಟ್ಟು ಮೀರಿದವ. ಇನ್ನೊಬ್ಬ, ಅಳಿಯಕಟ್ಟಿನ ಕುಟುಂಬದ ಆಸ್ತಿಯನ್ನು ಪಾಲು ಮಾಡಲು ದಾರಿ ಕೊಟ್ಟ 1949ರ ಅಳಿಯಸಂತಾನ ಕಾಯಿದೆ ಬಂದ ಮೇಲೆ ಪಾಲು ಕೇಳಿದವನು. ಅವನು ಕಟ್ಟು ಮುರಿದವ.

‘ಎರಡೂ ಒಂದೇ ಅಲ್ಲವೇ ಅಜ್ಜಿ?’ ಎಂದೆ.

ಅವರು ನಾರನ್ನು ಎಳೆದು ಹಿಡಿದರು. ‘ಮೀರಿದವ ಹೋದ ಮೇಲೆಯೂ ಮನೆಯಲ್ಲಿ ಕಟ್ಟು ಇತ್ತು ಮಗಾ. ಮುರಿದವನ ನಂತರ ಯಾರಿಗೂ ಇರಲಿಲ್ಲ.’

ಬಸ್ಸಿನಲ್ಲೇ ಕಾರ್ಡು ಬರೆದೆ, ಕೈ ನಡುಗುತ್ತಿತ್ತು. ಸೆಮ್ಮೆಲ್‌ವೈಸ್ 1865ರಲ್ಲಿ ತೀರಿಕೊಂಡಾಗ ಅವರ ಮಾತನ್ನು ವೈದ್ಯಲೋಕ ಒಪ್ಪಿರಲಿಲ್ಲ. ಹಳೆಯ ಕಟ್ಟು ಹಾಗೆಯೇ ಇತ್ತು. ರೋಗಕ್ಕೆ ಸೂಕ್ಷ್ಮಾಣುಗಳು ಕಾರಣವೆಂದು ತೋರಿಸಿದ ಪಾಶ್ಚರ್, ಶಸ್ತ್ರಚಿಕಿತ್ಸೆಯಲ್ಲಿ ಅವನ್ನು ಕೊಲ್ಲುವ ಕ್ರಮ ತಂದ ಲಿಸ್ಟರ್ ಅವರ ಕೆಲಸದ ನಂತರವೇ ಅದು ಮುರಿದದ್ದು. ಇಂಗ್ಲಿಷಿಗೆ ಎರಡೂ ಅಧ್ಯಾಯಗಳಲ್ಲಿ ಒಂದೇ ಶಬ್ದ ಸಾಕಾಗಿತ್ತು. ಕನ್ನಡಕ್ಕೆ ಎರಡು ಸಿಕ್ಕಿದವು: ಮೊದಲ ಅಧ್ಯಾಯಕ್ಕೆ ಮೀರಿದವರು, ಕೊನೆಯದಕ್ಕೆ ಮುರಿದವರು. ಮೂಲಕ್ಕಿಂತ ಅನುವಾದ ಒಂದು ಮೆಟ್ಟಿಲು ಮೇಲೆ ನಿಂತಿದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಒಂದು ಎಡವಟ್ಟು ಉಳಿದಿತ್ತು. ‘ವೈದ್ಯಕೀಯದ ಕಟ್ಟು ಮುರಿದವರು’ ಎಂದು ಹತ್ತು ಹನ್ನೆರಡು ಜನಕ್ಕೆ ಓದಿದಾಗ ಅರ್ಧದಷ್ಟು ಮಂದಿ ಮೂಳೆಗೆ ಹಾಕುವ ಕಟ್ಟು ಎಂದುಕೊಂಡರು. ಹಾಗಾಗಿ ‘ಕಟ್ಟಳೆ’ ಮಾಡಿದೆ. ‘ವೈದ್ಯಕೀಯದ ಕಟ್ಟಳೆ ಮುರಿದವರು.’ ಬಸ್ ನಿರ್ವಾಹಕರೊಬ್ಬರು, ಮೀನು ಮಾರುವ ಒಬ್ಬ ಹೆಂಗಸು, ಪಿಯುಸಿಯ ಇಬ್ಬರು ಹುಡುಗರು, ಎಲ್ಲರೂ ಒಂದೇ ಸಲಕ್ಕೆ ಹಿಡಿದರು. ಯಾರಿಗೆ ಮೊದಲು ಓದಬೇಕು, ಯಾರಿಗೆ ಕೊನೆಗೆ ಎಂಬುದರಲ್ಲೂ ಒಂದು ಕ್ರಮವಿದೆ. ಅದನ್ನೂ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಪುಸ್ತಿಕೆಗೆ ಸಿಕ್ಕಿದ್ದು ಒಂಬತ್ತು ಸಾವಿರ. ಕಾರ್ಡು, ಜೆರಾಕ್ಸು, ಉಡುಪಿಗೆ ಏಳೆಂಟು ಸಲದ ಬಸ್ಸು ಸೇರಿ ನಾಲ್ಕು ಸಾವಿರದ ಹತ್ತಿರ. ಎರಡೂವರೆ ಸಾವಿರ ಕೊಟ್ಟು ತಂದ ಹಳೆಯ ನಿಘಂಟೊಂದರ ನಡುವಿನ ನೂರು ಪುಟಗಳನ್ನು ಗೆದ್ದಲು ಕೊರೆದಿತ್ತು. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಕೈಗೆ ಉಳಿದದ್ದು ಎರಡೂವರೆ ಸಾವಿರ, ಮೂರು ತಿಂಗಳಿಗೆ. ಹೆಂಡತಿ ಆ ಲೆಕ್ಕವನ್ನು ಒಮ್ಮೆಯೂ ಎತ್ತಲಿಲ್ಲ, ಅದನ್ನು ಮರೆಯುವುದಿಲ್ಲ. ಆದರೆ ಪುಸ್ತಿಕೆ ಹೊರಬಂದ ಮೇಲೆ ಇಬ್ಬರು ಪ್ರಕಾಶಕರು ಕಠಿಣ ಶಬ್ದಗಳನ್ನಷ್ಟೇ ಬಿಡಿಸಿ ಕೊಡಲು ಕೇಳಿದ್ದಾರೆ, ಶಬ್ದಕ್ಕೆ ಐನೂರು. ಇಲ್ಲಿಯವರೆಗೆ ನಲವತ್ತರಷ್ಟು ಕೊಟ್ಟಿದ್ದೇನೆ. ಈಗ ಪೆಟ್ಟಿಗೆ ತುಂಬಿರುವುದರಿಂದ ಒಂದು ಶಬ್ದಕ್ಕೆ ಎರಡು ಮೂರು ದಿನ ಸಾಕು.

ಇತ್ತೀಚೆಗೆ ಒಂದು ಸಂಜೆ ಪುರಭವನದ ಎದುರು ಮಾಷ್ಟ್ರು ಸಿಕ್ಕಿದರು. ಆ ಕಟ್ಟಡಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. 1897ರಲ್ಲಿ ದಲಿತರ ಮಕ್ಕಳಿಗಾಗಿ ದುಡಿಯಲು ಸಂಸ್ಥೆ ಕಟ್ಟಿದ್ದಕ್ಕೆ ಸ್ವಂತ ಸಮಾಜದ ಬಹಿಷ್ಕಾರ ಉಂಡವರು. ಮಾಷ್ಟ್ರು ಫಲಕವನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ‘ಇವರನ್ನು ಆಗ ಏನೆಂದು ಕರೆದಿರಬಹುದು? ನಿಮ್ಮ ಪೆಟ್ಟಿಗೆಯಲ್ಲಿ ಇದೆಯೇ?’ ಎಂದರು. ಇಲ್ಲ ಎಂದೆ. ‘ನನ್ನ ಅಟ್ಟದಲ್ಲಿ ತಂದೆಯ ಕಾಲದ ಪತ್ರಿಕೆಗಳ ಕಟ್ಟುಗಳಿವೆ. ಮಳೆ ಶುರುವಾಗುವ ಮೊದಲು ಬಂದು ತೆಗೆದುಕೊಂಡು ಹೋಗಿ’ ಎಂದರು.

ಭಾನುವಾರ ರಿಕ್ಷಾದಲ್ಲಿ ತಂದೆ, ಹನ್ನೊಂದು ಕಟ್ಟು. ಬಲ್ಬು ಹೊತ್ತಿಸಿಟ್ಟಿದ್ದೇನೆ.