ಒಂದು ಅಂಕಿಗಾಗಿ ಬಂದರಿನಲ್ಲಿ ಕೂತ ಕಾರು: ಜಪಾನ್‌ನಿಂದ ಅಮೆರಿಕಕ್ಕೆ ಗಾಡಿ ತರಿಸಿದ ಅನುಭವ

ನನ್ನ ಕಾರು ಹಡಗಿನಿಂದ ಇಳಿದ ಮೇಲೂ 11 ದಿನ ಬಂದರಿನಲ್ಲೇ ನಿಂತಿತ್ತು. ಕಾರಣ ಒಂದೇ ಒಂದು ಅಂಕಿ. ಕಾರಿನ ಮೈಮೇಲೆ ಕೊರೆದಿದ್ದ ಚಾಸಿ ನಂಬರಿನಲ್ಲಿ 8 ಇತ್ತು, ಹಡಗಿನವರು ಸರಕಿಗೆ ಕೊಡುವ ರಸೀದಿಯಲ್ಲಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲಿ, ಅದೇ ಜಾಗದಲ್ಲಿ 6 ಅಂತ ಟೈಪ್ ಆಗಿತ್ತು. ಆ ಕಾಗದದ ನಕಲು ನನಗೆ ಇಮೇಲ್‌ನಲ್ಲಿ ಐದು ವಾರ ಮೊದಲೇ ಬಂದಿತ್ತು. ನಾನು ತೆರೆದೂ ನೋಡಿದ್ದೆ. ಹೆಸರು ಸರಿ ಇದೆ, ಕಾರಿನ ಬಣ್ಣ ಸರಿ ಇದೆ ಅಂತ ಮುಚ್ಚಿಟ್ಟಿದ್ದೆ. ಕಾನೂನು ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು, ನಿಜ ಹೇಳಬೇಕೆಂದರೆ ಕಾನೂನು ಅಷ್ಟೇನೂ ಕಷ್ಟ ಇರಲಿಲ್ಲ. ನನಗೆ ಕಾಟ ಕೊಟ್ಟಿದ್ದು ಒಂದು ಕಾಗದಕ್ಕೂ ಇನ್ನೊಂದು ಕಾಗದಕ್ಕೂ ತಾಳೆ ಆಗದೆ ಇದ್ದದ್ದು.

ಕಾರು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. 1998ರ ನಿಸ್ಸಾನ್ ಸ್ಟೇಜಿಯಾ. ಉದ್ದನೆಯ ಸ್ಟೇಷನ್ ವ್ಯಾಗನ್, ಒಳಗೆ ಎರಡೂವರೆ ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್. ನಿಸ್ಸಾನ್‌ನದೇ ಸ್ಕೈಲೈನ್ ಕಾರಿನ ಹತ್ತಿರದ ನೆಂಟ ಅನ್ನಬಹುದು. 1996ರಲ್ಲಿ ಜಪಾನ್‌ನಲ್ಲಿ ಬಂತು, ಅಮೆರಿಕದಲ್ಲಿ ಯಾವತ್ತೂ ಮಾರಲಿಲ್ಲ. ಸಮಸ್ಯೆ ಶುರುವಾಗೋದೇ ಅಲ್ಲಿ.

ಅಮೆರಿಕದಲ್ಲಿ ಮಾರುವ ಪ್ರತಿ ಕಾರೂ ಅಲ್ಲಿನ ಕೇಂದ್ರ ಸರ್ಕಾರದ ಸುರಕ್ಷತಾ ಮಾನದಂಡಕ್ಕೆ ಹೊಂದುತ್ತದೆ ಅಂತ ತಯಾರಕರೇ ಖಾತ್ರಿ ಕೊಟ್ಟಿರಬೇಕು. ಬೇರೆ ದೇಶಕ್ಕೆ ಅಂತ ಮಾಡಿದ ಕಾರಿಗೆ ಆ ಖಾತ್ರಿ ಇರುವುದಿಲ್ಲ. ಎಂಬತ್ತರ ದಶಕದಲ್ಲಿ ಜನ ಯುರೋಪಿನಿಂದ ಗಾಡಿ ತಂದು, ಬಂಪರ್, ದೀಪ ಬದಲಾಯಿಸಿ ಹೇಗೋ ಓಡಿಸುತ್ತಿದ್ದರು. 1988ರಲ್ಲಿ ಬಂದ ಕಾನೂನು ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ಉಳಿದಿದ್ದು ಒಂದು ಕಿಟಕಿ: ಕಾರಿಗೆ 25 ವರ್ಷ ತುಂಬಿದ್ದರೆ ಆ ಮಾನದಂಡ ಅನ್ವಯಿಸುವುದಿಲ್ಲ. ಹೊಗೆಯ ವಿಷಯ ಬೇರೆ ಇಲಾಖೆಯದು, ಅವರ ಲೆಕ್ಕ 21 ವರ್ಷ. ಎರಡು ಇಲಾಖೆ, ಎರಡು ಗಡಿಯಾರ. ಎಲ್ಲರೂ 25 ಮಾತ್ರ ಹೇಳುತ್ತಾರೆ, 21ಕ್ಕೆ ಅಂಟಿಕೊಂಡಿರುವ ಇನ್ನೊಂದು ಷರತ್ತನ್ನು ಮರೆಯುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

25 ತುಂಬದ ಕಾರನ್ನು ತರಲೇಬೇಕು ಅಂದರೆ ದಾರಿ ಇಲ್ಲ ಅಂತಲ್ಲ. ನೋಂದಾಯಿತ ಆಮದುದಾರರ ಮೂಲಕ ಹೋಗಬೇಕು, ಕಾರಿನ ಮೌಲ್ಯದ 150 ಶೇಕಡಾದಷ್ಟು ಬಾಂಡ್ ಇಡಬೇಕು, 120 ದಿನದೊಳಗೆ ಕಾರನ್ನು ಅಮೆರಿಕದ ಮಾನದಂಡಕ್ಕೆ ತಿದ್ದಬೇಕು. ಅದಕ್ಕೂ ಮುಂಚೆ ಆ ಮಾದರಿಯನ್ನು ಹಾಗೆ ತಿದ್ದಲು ಸಾಧ್ಯ ಅಂತ ಸರ್ಕಾರ ಒಪ್ಪಿರಬೇಕು. ಅಪರೂಪದ ಕಾರುಗಳಿಗೆ 'ಷೋ ಆರ್ ಡಿಸ್‌ಪ್ಲೇ' ಅಂತ ಒಂದು ವಿನಾಯಿತಿ ಇದೆ, ಅದರಲ್ಲಿ ತಂದರೆ ವರ್ಷಕ್ಕೆ 2,500 ಮೈಲಿಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. ನನ್ನಂಥವರಿಗೆ ಇವೆರಡೂ ಆಗದ ಮಾತು. ಪಕ್ಕದ ಕೆನಡಾದಲ್ಲಿ 15 ವರ್ಷವಾದರೆ ಸಾಕು. ಆದರೆ ಅಲ್ಲಿ ತರಿಸಿಕೊಂಡು ಗಡಿ ದಾಟಿಸಿಬಿಡೋಣ ಅಂತ ಯೋಚಿಸಬೇಡಿ. ಗಡಿಯಲ್ಲೂ ಕೇಳುವುದು ಅದೇ 25.

ಸುಳ್ಳು ಕಾಗದ ತೋರಿಸಿ ತರುವವರೂ ಇದ್ದಾರೆ. 2013ರಲ್ಲಿ ಅಮೆರಿಕದ ಕಸ್ಟಮ್ಸ್‌ನವರು ಹಾಗೆ ಬಂದ ಒಂದು ಲ್ಯಾಂಡ್ ರೋವರ್ ಡಿಫೆಂಡರನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ಅದರ ವಿಡಿಯೋವನ್ನೂ ಹಾಕಿದರು. ಕಾರು ಖರೀದಿಸುವ ಮುಂಚೆ ಅದನ್ನೊಮ್ಮೆ ನೋಡಿ. ಹೊಟ್ಟೆ ಚುರ್ ಅನ್ನುತ್ತದೆ, ಆದರೆ ದುಡುಕು ಕಡಿಮೆ ಆಗುತ್ತದೆ.

ಈಗ ತಾರೀಖಿನ ವಿಷಯ. 25 ವರ್ಷ ಅಂದರೆ ಮಾಡೆಲ್ ವರ್ಷ ಅಲ್ಲ, ಕಾರು ತಯಾರಾದ ದಿನಾಂಕದಿಂದ ಲೆಕ್ಕ. 1998ರ ಕಾರು ಅಂದ ಮಾತ್ರಕ್ಕೆ 2023ರ ಜನವರಿಯಲ್ಲೇ ತರುವಂತಿಲ್ಲ, ತಿಂಗಳೂ ನೋಡಬೇಕು. ಆದರೆ ಜಪಾನಿನ ಕಾಗದದಲ್ಲಿ ಸಿಗುವುದು ತಯಾರಾದ ತಿಂಗಳಲ್ಲ, ಮೊದಲು ನೋಂದಣಿಯಾದ ತಿಂಗಳು. ಅದೂ ಅವರ ಚಕ್ರವರ್ತಿಯ ಕಾಲದ ಲೆಕ್ಕದಲ್ಲಿ ಇರುತ್ತದೆ. ನನ್ನ ಕಾರಿನದು ಹೇಸೇ 10, ಎಂಟನೇ ತಿಂಗಳು. ಹೇಸೇ ವರ್ಷಕ್ಕೆ 1988 ಕೂಡಿಸಿ, ನಮ್ಮ ವರ್ಷ ಸಿಗುತ್ತದೆ. ಅಂದರೆ 1998ರ ಆಗಸ್ಟ್. ತಯಾರಾದ ದಿನಾಂಕದ ಲೇಬಲ್ ಕಾರಿನ ಮೇಲೆ ಇಲ್ಲದಿದ್ದರೆ 25 ವರ್ಷದ ಹಿಂದೆಯೇ ನೋಂದಣಿಯಾಗಿತ್ತು ಅಂತ ತೋರಿಸುವ ದಾಖಲೆಯನ್ನೂ ಒಪ್ಪುತ್ತಾರೆ. ಚಾಸಿ ನಂಬರ್ ಹಾಕಿದರೆ ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ತಯಾರಿಕೆಯ ತಿಂಗಳು ಸಿಗುತ್ತದೆ, ಅದು ಜುಲೈ ಅಂತ ತೋರಿಸಿತು. ಆದರೂ ನಾನು 2023ರ ಆಗಸ್ಟ್ ಪೂರ್ತಿ ಮುಗಿಯುವವರೆಗೂ ಕಾದೆ. ಒಂದು ತಿಂಗಳ ಆತುರಕ್ಕೆ ಬಂದರಿನಲ್ಲಿ ಅಧಿಕಾರಿಯ ಜೊತೆ ವಾದ ಮಾಡುವುದು ಯಾರಿಗೆ ಬೇಕು?

ಹೊಗೆ ಇಲಾಖೆಯ ಷರತ್ತು ಇದು: ಕಾರು 21 ವರ್ಷ ದಾಟಿದ್ದರೂ ಮೂಲ ಸ್ಥಿತಿಯಲ್ಲಿ ಇರಬೇಕು. ನಾನು ಮೊದಲು ಮೆಚ್ಚಿದ ಕಾರು ಇನ್ನೊಂದಿತ್ತು. ಬೆಲೆ ಕಡಿಮೆ, ಬಣ್ಣ ಚೆಂದ, ತುಕ್ಕು ಇಲ್ಲ. ಎಂಜಿನ್ ಫೋಟೋ ದೊಡ್ಡದು ಮಾಡಿ ನೋಡಿದರೆ ಅದು ಕಾಗದದಲ್ಲಿ ಬರೆದಿದ್ದ ಎಂಜಿನ್ನೇ ಅಲ್ಲ, ಯಾರೋ ಸ್ಕೈಲೈನ್‌ನ ಬಲಶಾಲಿ ರೂಪವಾದ ಜಿಟಿ-ಆರ್‌ನ ಎಂಜಿನ್ ಕೂರಿಸಿದ್ದರು. ಓಡಿಸುವವನಿಗೆ ಅದು ಹಬ್ಬ. ಕಸ್ಟಮ್ಸ್ ಫಾರಂನಲ್ಲಿ ಮೂಲ ಸ್ಥಿತಿ ಅಂತ ಸಹಿ ಹಾಕಬೇಕಾದವನು ನಾನಲ್ವಾ? ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಖರೀದಿ ಜಪಾನಿನ ಹರಾಜಿನಲ್ಲಿ, ಏಜೆಂಟ್ ಮೂಲಕ. ಹರಾಜಿನ ಹಾಳೆ ಓದುವುದನ್ನು ಕಲಿತುಕೊಳ್ಳಿ, ಒಂದು ಸಂಜೆಯ ಕೆಲಸ. ಕಾರಿನ ನಕ್ಷೆಯ ಮೇಲೆ ಎ ಅಂದರೆ ಗೀರು, ಯು ಅಂದರೆ ತಗ್ಗು, ಡಬ್ಲ್ಯು ಅಂದರೆ ರಿಪೇರಿ ಮಾಡಿದ ಅಲೆ, ಎಸ್ ಅಂದರೆ ತುಕ್ಕು, ಡಬಲ್ ಎಕ್ಸ್ ಅಂದರೆ ಬದಲಾಯಿಸಿದ ಭಾಗ. ಗ್ರೇಡ್ ಜಾಗದಲ್ಲಿ ಆರ್ ಇದ್ದರೆ ಅಪಘಾತವಾಗಿ ರಿಪೇರಿ ಆದ ಗಾಡಿ. ನನ್ನದು ಮೂರೂವರೆ ಗ್ರೇಡ್, ಹಿಂದಿನ ಚಕ್ರದ ಕಮಾನಿನಲ್ಲಿ ಎಸ್ 1, ಅಂದರೆ ಸ್ವಲ್ಪವೇ ತುಕ್ಕು. ಆ ಎಸ್ 1 ಬಂದಮೇಲೆ ನೋಡಿದರೆ ಅಂಗೈ ಅಗಲ ಇತ್ತು, ಇರಲಿ.

ಕಾರು ಕೊಂಡ ಮೇಲೆ ಏಜೆಂಟ್ ಅಲ್ಲಿನ ನೋಂದಣಿ ರದ್ದು ಮಾಡಿಸಿ ರಫ್ತು ಪ್ರಮಾಣಪತ್ರ ತೆಗೆಸುತ್ತಾರೆ. ಕಾರಿನ ಜಾತಕ ಅಂದರೆ ಇದೇ. ಚಾಸಿ ನಂಬರ್, ಎಂಜಿನ್ ಮಾದರಿ, ಮೊದಲ ನೋಂದಣಿಯ ತಿಂಗಳು, ಎಲ್ಲ ಇದರಲ್ಲೇ. ಮೂಲ ಪ್ರತಿ ಕೊರಿಯರ್‌ನಲ್ಲಿ ನಿಮ್ಮ ಕೈಗೆ ಬರಬೇಕು, ಸ್ಕ್ಯಾನ್ ಸಾಲದು. ಇಂಗ್ಲಿಷ್ ಅನುವಾದವನ್ನೂ, ಅನುವಾದಕರ ಸಹಿ ಇರುವಂಥದ್ದನ್ನೇ, ಆಗಲೇ ಮಾಡಿಸಿಟ್ಟುಕೊಳ್ಳಿ. ಆಮೇಲೆ ಮಾಡಿಸೋಣ ಅಂತ ಬಿಟ್ಟು ನಾನು ಒಂದು ವಾರ ಕಳೆದೆ.

ಹಡಗಿನಲ್ಲಿ ಎರಡು ರೀತಿ. ಕಂಟೇನರ್ ಒಳಗೆ ಕಟ್ಟಿ ಕಳಿಸುವುದು, ಇಲ್ಲವೇ ರೋ-ರೋ ಹಡಗಿಗೆ ಕಾರನ್ನು ಓಡಿಸಿಕೊಂಡೇ ಹತ್ತಿಸುವುದು. ನಾನು ರೋ-ರೋ ಆರಿಸಿದೆ, ಅಗ್ಗ. ಆದರೆ ಕಾರಿನೊಳಗೆ ಏನೂ ಸಾಮಾನು ಇಡಬಾರದು. ಕಾರಿನ ಅಡಿಭಾಗವನ್ನು ಚೆನ್ನಾಗಿ ತೊಳೆಸಿ, ಇದು ಚಂದಕ್ಕಲ್ಲ. ಬೇರೆ ದೇಶದ ಮಣ್ಣು ಅಂಟಿಕೊಂಡಿದ್ದರೆ ಕೃಷಿ ಇಲಾಖೆಯ ಕಾರಣಕ್ಕೆ ಅಲ್ಲೇ ತಡೆಯುತ್ತಾರೆ. ಹಡಗಿನ ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಮೊದಲೇ ಸಲ್ಲಿಸುವ ಒಂದು ಫೈಲಿಂಗ್ ಇದೆ, ಅದಕ್ಕೆ ಐಎಸ್‌ಎಫ್ ಅನ್ನುತ್ತಾರೆ. ಕಂಟೇನರಿನಲ್ಲಾದರೆ ಹಡಗಿಗೆ ತುಂಬುವ 24 ಗಂಟೆ ಮೊದಲೇ ಆಗಿರಬೇಕು, ತಪ್ಪಿದರೆ 5,000 ಡಾಲರ್‌ವರೆಗೆ ದಂಡ ಬೀಳಬಹುದು. ಇದನ್ನು ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಬ್ರೋಕರ್‌ಗೆ ಬಿಟ್ಟೆ. ಆ ವರ್ಷ ಹಡಗಿನ ದಾರಿಯಲ್ಲಿದ್ದ ಪನಾಮಾ ಕಾಲುವೆಯಲ್ಲಿ ನೀರು ಕಡಿಮೆಯಾಗಿ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆಯನ್ನೇ ಇಳಿಸಿದ್ದರು. ನನ್ನ ಕಾರು ಎಲ್ಲಿದೆ ಅಂತ ದಿನಾ ರಾತ್ರಿ ನಕ್ಷೆಯಲ್ಲಿ ಹಡಗಿನ ಚುಕ್ಕೆ ನೋಡುತ್ತಾ ಕೂರುತ್ತಿದ್ದೆ.

ಕಸ್ಟಮ್ಸ್‌ಗೆ ಮುಖ್ಯವಾಗಿ ಮೂರು ಕಾಗದ. ಸಾರಿಗೆ ಇಲಾಖೆಯ ಎಚ್‌ಎಸ್-7, ಇದರಲ್ಲಿ ಮೊದಲನೇ ಬಾಕ್ಸೇ 25 ವರ್ಷದ್ದು. ಹೊಗೆ ಇಲಾಖೆಯ 3520-1, ಇದರಲ್ಲಿ 21 ವರ್ಷ ದಾಟಿದ ಕಾರಿಗೆ ಇ ಅನ್ನುವ ಕೋಡ್. ಸುಂಕ ಕಟ್ಟಿದ್ದಕ್ಕೆ 7501. ಸುಂಕ ನಾನು ತರಿಸಿದಾಗ ಕಾರಿಗೆ ಎರಡೂವರೆ ಶೇಕಡಾ ಇತ್ತು. 2025ರಿಂದ ಸುಂಕದ ಲೆಕ್ಕ ಅಲುಗಾಡುತ್ತಲೇ ಇದೆ, ಹಾಗಾಗಿ ಕೊಳ್ಳುವ ಮುಂಚೆ ಆ ದಿನದ ದರವನ್ನು ಬ್ರೋಕರ್ ಹತ್ತಿರ ಬರವಣಿಗೆಯಲ್ಲೇ ಕೇಳಿ. ಪುಟ್ಟ ಟ್ರಕ್ ತರುವವರಿಗೆ ಮಾತ್ರ ಇದು 25 ಶೇಕಡಾ, ಹಳೇ ಕಥೆ. ಅರವತ್ತರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮಾಂಸಕ್ಕೆ ಸುಂಕ ಹಾಕಿದರು ಅಂತ ಅಮೆರಿಕ ಸೇಡಿಗೆ 1964ರಿಂದ ಟ್ರಕ್‌ಗಳ ಮೇಲೆ ಹಾಕಿದ್ದು. ಕೋಳಿ ಜಗಳ ಮುಗಿದು ಎಷ್ಟೋ ಕಾಲವಾಯಿತು, ಟ್ರಕ್ಕಿನ ಸುಂಕ ಹಾಗೇ ಉಳಿದಿದೆ.

ಇನ್ನು ಆ 6 ಮತ್ತು 8. ನನ್ನ ಬ್ರೋಕರ್ ರಫ್ತು ಪ್ರಮಾಣಪತ್ರ ನೋಡಿ 8 ಅಂತ ಫಾರಂ ತುಂಬಿದ್ದರು. ಹಡಗಿನವರ ಪಟ್ಟಿಯಲ್ಲಿ 6. ಕಸ್ಟಮ್ಸ್ ದೃಷ್ಟಿಯಲ್ಲಿ ಇವು ಎರಡು ಬೇರೆ ಕಾರುಗಳು: ಒಂದು ಬಂದಿದೆ ಆದರೆ ಅದಕ್ಕೆ ಅರ್ಜಿ ಇಲ್ಲ, ಇನ್ನೊಂದಕ್ಕೆ ಅರ್ಜಿ ಇದೆ ಆದರೆ ಕಾರು ಬಂದಿಲ್ಲ. ತಿದ್ದುಪಡಿ ಹಡಗು ಕಂಪನಿಯ ಜಪಾನ್ ಕಚೇರಿಯಿಂದಲೇ ಬರಬೇಕಿತ್ತು. ಅವರು ಏಜೆಂಟನ್ನು ಕೇಳಿ ಅಂದರು, ಏಜೆಂಟ್ ನಾವು ಸರಿಯಾಗೇ ಕೊಟ್ಟಿದ್ದೆವು ಅಂದರು. ನಾನು ಎದ್ದು ಮೇಲ್ ನೋಡುವ ಹೊತ್ತಿಗೆ ಅವರು ಬಾಗಿಲು ಹಾಕಿರುತ್ತಿದ್ದರು, ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ದಿನ. ಇತ್ತ ಬಂದರಿನಲ್ಲಿ ಉಚಿತವಾಗಿ ಇಡುವ ದಿನಗಳು ಮುಗಿದು ದಿನಬಾಡಿಗೆ ಏರುತ್ತಿತ್ತು. ಕೊನೆಗೆ ಚಾಸಿ ನಂಬರ್ ಕೊರೆದಿರುವ ಜಾಗದ ಫೋಟೋ, ಹರಾಜಿನ ಹಾಳೆ, ಪ್ರಮಾಣಪತ್ರ ಮೂರನ್ನೂ ಒಂದೇ ಪುಟದಲ್ಲಿ ಅಂಟಿಸಿ, 8 ಇರುವ ಜಾಗಕ್ಕೆಲ್ಲ ಕೆಂಪು ಸುತ್ತು ಹಾಕಿ ಕಳಿಸಿದೆ. ಮಾರನೇ ದಿನ ತಿದ್ದಿ ಕಳಿಸಿದರು. ಬಾಡಿಗೆ ಕಟ್ಟಿದ್ದು ನಾನೇ. ಆ ಫೋಟೋವನ್ನು ಹಡಗು ಹತ್ತುವ ಮುಂಚೆಯೇ ಏಜೆಂಟ್ ಹತ್ತಿರ ತೆಗೆಸಿಕೊಳ್ಳಿ, ಪ್ರತಿ ಕಾಗದ ಬಂದಾಗಲೂ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿ.

ಕಸ್ಟಮ್ಸ್ ಬಿಟ್ಟಮೇಲೆ ಮುಗೀತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ದೇಶದೊಳಗೆ ಬಿಡುವುದು ಕೇಂದ್ರ, ರಸ್ತೆಗೆ ಬಿಡುವುದು ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ನಿಯಮವೇ ಬೇರೆ, ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ವಿನಾಯಿತಿ, ಅದಕ್ಕಿಂತ ಹೊಸದಾದರೆ ಪ್ರಯೋಗಾಲಯದ ಪರೀಕ್ಷೆ ಪಾಸಾಗಬೇಕು. ಜಪಾನಿನವರು ಕೇ ಅನ್ನುವ 660 ಸಿಸಿಯ ಪುಟ್ಟ ಗಾಡಿಗಳಿಗೆ ಕೆಲವು ರಾಜ್ಯಗಳು ನೋಂದಣಿಯನ್ನೇ ನಿಲ್ಲಿಸಿದವು. ರೋಡ್ ಐಲ್ಯಾಂಡ್‌ನಲ್ಲಿ ಕೊಟ್ಟ ನೋಂದಣಿಯನ್ನೂ ವಾಪಸ್ ಪಡೆದರು. ಹಾಗಾಗಿ ಕಾರು ಹುಡುಕುವ ಮುಂಚೆ ನಿಮ್ಮ ರಾಜ್ಯದ ನಿಯಮ ಹುಡುಕಿ.

ನನ್ನ ರಾಜ್ಯದಲ್ಲಿ ಅಡ್ಡಿ ಇರಲಿಲ್ಲ, ಕಂಪ್ಯೂಟರ್ ಒಂದನ್ನು ಬಿಟ್ಟು. 1981ರಿಂದ ಅಮೆರಿಕದ ಕಾರುಗಳಿಗೆಲ್ಲ 17 ಅಕ್ಷರದ ನಂಬರ್. ಜಪಾನಿನ ಒಳಗೆ ಮಾರಿದ ನನ್ನ ಕಾರಿಗೆ ಇದ್ದದ್ದು 12. ಕೌಂಟರಿನಲ್ಲಿದ್ದವರು ಮೂರು ಸಲ ಹಾಕಿ ನೋಡಿ "ಇನ್ನೂ ಐದು ಅಂಕಿ ಎಲ್ಲಿ?" ಅಂತ ಕೇಳಿದರು. ಮುಂದೆ ಸೊನ್ನೆ ಸೇರಿಸಿಬಿಡಲಾ ಅಂತಲೂ ಅಂದರು. ದಯವಿಟ್ಟು ಬೇಡ ಅಂದೆ, ಒಂದು ಅಂಕಿಗೇ ಅಷ್ಟು ಕಷ್ಟಪಟ್ಟಿದ್ದೆ. ಮೇಲಿನ ಅಧಿಕಾರಿ ಬಂದು, 7501 ನೋಡಿ, ನಂಬರನ್ನು ಇದ್ದ ಹಾಗೇ ಹಾಕಲು ಬೇರೆ ಪರದೆ ತೆರೆದುಕೊಟ್ಟರು. ವಿಮೆಯವರ ಜೊತೆಗೂ ಇದೇ ರಾಮಾಯಣ. ಮಾಮೂಲಿ ಕಂಪನಿ ಆಗಲ್ಲ ಅಂದಿತು. ಹಳೇ ಕಾರುಗಳಿಗೆ ಮೊದಲೇ ಮೌಲ್ಯ ಒಪ್ಪಿಕೊಂಡು ವಿಮೆ ಕೊಡುವವರು ಇದ್ದಾರೆ, ಅವರ ಹತ್ತಿರ ಒಂದು ಫೋನ್‌ನಲ್ಲಿ ಆಯಿತು.

ರೇಡಿಯೋ ಅರ್ಧಂಬರ್ಧ ಕೇಳುತ್ತದೆ, ಜಪಾನಿನ ಎಫ್‌ಎಂ ಶುರುವಾಗುವುದೇ 76ರಿಂದ, ಇಲ್ಲಿ 88ರಿಂದ 108. ಅದನ್ನು ಹಾಗೇ ಬಿಟ್ಟಿದ್ದೇನೆ. ಹೆಡ್‌ಲೈಟನ್ನೂ ಹಾಗೇ ಬಿಟ್ಟಿದ್ದು ತಪ್ಪಾಯಿತು. ಎಡಗಡೆ ಓಡುವ ದೇಶದ ದೀಪದ ಬೆಳಕು ಎಡಕ್ಕೆ ಮೇಲೇಳುತ್ತದೆ, ಬಲಗಡೆ ಓಡುವ ದೇಶದಲ್ಲಿ ಅದು ಎದುರಿನವರ ಕಣ್ಣಿಗೇ. ಎರಡನೇ ತಿಂಗಳಲ್ಲಿ ಒಂದು ರಾತ್ರಿ ಪೊಲೀಸ್ ಗಾಡಿ ಹಿಂದೆ ಬಂದು ನಿಲ್ಲಿಸಿತು. ಆತ ಎಡಗಡೆಯ ಕಿಟಕಿಗೆ ಬಂದು ಟಾರ್ಚ್ ಬಿಟ್ಟರೆ ಸೀಟಿನಲ್ಲಿ ಯಾರೂ ಇಲ್ಲ. ಜಪಾನಿನ ಕಾರಿನ ಸ್ಟೀರಿಂಗ್ ಬಲಗಡೆ ಅಲ್ವಾ, ನಾನು ಆ ಕಡೆಯಿಂದ ಕೈ ಎತ್ತಿದೆ. ಕಾಗದಗಳ ಝೆರಾಕ್ಸ್ ಫೈಲನ್ನೇ ಕೊಟ್ಟೆ, ಒಂದೊಂದೇ ಹಾಳೆ ತಿರುಗಿಸಿ ನಂಬರ್ ತಾಳೆ ನೋಡಿ ವಾಪಸ್ ಕೊಟ್ಟರು. "ಕಾಗದ ಎಲ್ಲ ಸರಿ ಇದೆ, ಲೈಟ್ ಬದಲಾಯಿಸಿ" ಅಂದರು. ಆ ವಾರವೇ ಬದಲಾಯಿಸಿದೆ.