ಶಾಲೆಯ ಪಾಠಕ್ಕೆ ಮುಂಚೆ ಮನೆಯಲ್ಲಿ ಆಡಬೇಕಾದ ಮಾತು

ಊರಿನಿಂದ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ ಅತ್ತೆಯವರು, ನಾನು ದೇವರಿಗೆ ದೀಪ ಹಚ್ಚದಿದ್ದುದನ್ನು ಕಂಡು ಪ್ರಶ್ನಿಸಿದ ಒಂಬತ್ತು ವರ್ಷದ ಮಗಳಿಗೆ, "ನಿಮ್ಮಮ್ಮನಿಗೆ ಕಾಗೆ ಮುಟ್ಟಿದೆ" ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಗ್ರಿಲ್‌ ಮೇಲೆ ಕುಳಿತ ಕಾಗೆಯನ್ನು ಓಡಿಸಿ ಗಾಜು ಮುಚ್ಚಿದಳು. ಗೆಳತಿಯರಿಂದ 'ಪಾಳಿ' ಎಂಬ ಮರಾಠಿ ಮಾತನ್ನು ಅವಳು ಆಗಲೇ ಕೇಳಿದ್ದಳು. ಎರಡೂ ಮುಟ್ಟಿಗೇ ಹೇಳುವ ಮಾತು ಎಂದು ತಿಳಿಸಬೇಕಾಗಿದ್ದ ನಾನು ಸುಮ್ಮನಿದ್ದೆ.

ಲೈಂಗಿಕ ಶಿಕ್ಷಣದ ಹೊಣೆ ಶಾಲೆಯದೋ ಪಾಲಕರದೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಕೇಂದ್ರ ಸರ್ಕಾರ 2005ರಲ್ಲಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು, ಅದು ನಮ್ಮ ಸಂಸ್ಕೃತಿಗೆ ಒಗ್ಗದು ಎಂಬ ಆಕ್ಷೇಪದ ನಡುವೆ, 2007ರಲ್ಲಿ ಮಹಾರಾಷ್ಟ್ರವೂ ತಡೆಯಿತು, ಕರ್ನಾಟಕವೂ ತಡೆಯಿತು. ಶಾಲೆಯಲ್ಲಿ ಬೇಡವೆಂದ ಮನೆಗಳಲ್ಲಾದರೂ ಮಾತು ಶುರುವಾಯಿತೇ ಎಂದು ಕೇಳಿಕೊಂಡರೆ, ನನಗೆ ತಿಳಿದ ಮನೆಗಳಲ್ಲಿ ಇಲ್ಲ.

ಆರಂಭ ಹೆಸರುಗಳಿಂದಾಗಲಿ. ಸ್ನಾನ ಮಾಡಿಸುವಾಗ ಕೈ, ಕಾಲು, ಹೊಕ್ಕುಳ ಎನ್ನುವ ದನಿಯಲ್ಲೇ ಶಿಶ್ನ, ಯೋನಿ ಎನ್ನಿ. ಹೆಸರು ಗೊತ್ತಿರುವ ಮಗು, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಎಲ್ಲಿ ಎಂದು ಸ್ಪಷ್ಟವಾಗಿ ಹೇಳಬಲ್ಲದು. ಮಗು ಹಾಗೆ ಹೇಳಿದಾಗ ಗದರಬೇಡಿ, ಮತ್ತೆ ಮತ್ತೆ ಕೆದಕಬೇಡಿ. "ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಎಂದು ಹತ್ತಿರ ಕೂರಿಸಿಕೊಳ್ಳಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಎಲ್ಲರೂ ಮಕ್ಕಳೇ, ಮತ್ತು ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮನೆತನದ ಮರ್ಯಾದೆಯ ನೆಪದಲ್ಲಿ ಇದನ್ನು ಮುಚ್ಚಿಡುವುದು ಮಗುವಿಗೆ ಮಾಡುವ ಎರಡನೆಯ ಅನ್ಯಾಯ.

ಹುಡುಗಿಯರಲ್ಲಿ ಹರೆಯದ ಬದಲಾವಣೆ ಸಾಮಾನ್ಯವಾಗಿ 8ರಿಂದ 13ರೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಕಾಣಿಸಿಕೊಳ್ಳುವುದರಿಂದ, ಎಂಟು ತುಂಬುವಷ್ಟರಲ್ಲಿ ಮುಟ್ಟಿನ ಬಗ್ಗೆ ಹೇಳಿರಬೇಕು. ನಾನು ಕೊನೆಗೂ ಮಗಳನ್ನು ಅಡುಗೆಮನೆಯ ನೆಲದಲ್ಲಿ ಕೂರಿಸಿಕೊಂಡು, ಪ್ಯಾಡ್‌ ಬಿಚ್ಚಿ, ಅದರ ಮೇಲೆ ಎರಡು ಚಮಚ ನೀರು ಸುರಿದು ಅದು ಹೀರಿಕೊಳ್ಳುವುದನ್ನು ತೋರಿಸಿದೆ. ಗರ್ಭಕೋಶದ ಒಳಪದರ ಕಳಚಿ ರಕ್ತದೊಡನೆ ಹೊರಬರುತ್ತದೆ, ಅದು ಮೈಲಿಗೆಯಲ್ಲ ಎಂದೆ. ಇಂಥ ಮಾತಿನ ನಡುವೆ ಗಂಡುಮಕ್ಕಳನ್ನು ಎಬ್ಬಿಸಿ ಕಳಿಸಬೇಡಿ. ನಿದ್ದೆಯಲ್ಲಿ ವೀರ್ಯ ಹೊರಬರುವ ಸ್ವಪ್ನಸ್ಖಲನ ರೋಗವಲ್ಲ ಎಂಬುದನ್ನು ಮಗನಿಗೆ ಅಪ್ಪನೇ ಹೇಳಿದರೆ, ಅವನು ಅದನ್ನು ಮೊಬೈಲಿನಲ್ಲಿ ಹುಡುಕಬೇಕಾಗುವುದಿಲ್ಲ.

ಶಾಲೆಯ ಪಾಲಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ನಿಂತು ಕೇಳಿ: ಈ ಪಾಠವನ್ನು ಯಾವ ತರಗತಿಯಲ್ಲಿ, ಯಾರು ಹೇಳಿಕೊಡುತ್ತಾರೆ? ಮಕ್ಕಳು ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕುವ ಡಬ್ಬಿ ಇದೆಯೇ? ಇಲ್ಲದಿದ್ದರೆ, ಒಂದು ಡಬ್ಬಿ ನೀವೇ ಕೊಟ್ಟು ಬನ್ನಿ.