ಬಾವಿಯ ಬದಿಯ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್

ಕಾಸರಗೋಡಿನ ಕಡಲ ತೀರದ ಉಪ್ಪಳದಲ್ಲಿ ವಾಣಿಜ್ಯ ಕಟ್ಟಡವೊಂದಕ್ಕೆ 11 ಕೆ.ವಿ. (11,000 ವೋಲ್ಟ್) ವಿದ್ಯುತ್ ಸಂಪರ್ಕ ಮಾಡಿಕೊಡುವ ಕೆಲಸ ನನಗೆ ಬಂದಾಗ, ಮಾಲೀಕರು ಟ್ರಾನ್ಸ್‌ಫಾರ್ಮರಿಗೆಂದು ತೋರಿಸಿದ ಜಾಗದಿಂದ ಕುಡಿಯುವ ನೀರಿನ ಬಾವಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. 315 ಕೆ.ವಿ.ಎ. ಸಾಮರ್ಥ್ಯದ ಎಣ್ಣೆ ಟ್ರಾನ್ಸ್‌ಫಾರ್ಮರಿನಲ್ಲಿ ಮುನ್ನೂರು ಲೀಟರಿನ ಆಸುಪಾಸು ಖನಿಜ ತೈಲವಿರುತ್ತದೆ. ನಮ್ಮ ಮುರಕಲ್ಲಿನ ನೆಲವೋ, ಮೇಲೆ ಬಿದ್ದದ್ದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುವಂಥದ್ದು. ಹಿಂದೆ ಇನ್ನೊಂದು ಕಡೆ ಟ್ರಾನ್ಸ್‌ಫಾರ್ಮರಿನ ಗ್ಯಾಸ್ಕೆಟ್ ಸೋರಿ, ಒಂದು ಮಳೆಗಾಲ ಮುಗಿಯುವುದರೊಳಗೆ ಪಕ್ಕದ ಬಾವಿಯಲ್ಲಿ ಎಣ್ಣೆಯ ಪೊರೆ ತೇಲಿದ್ದನ್ನು ನಾನೇ ಕಂಡಿದ್ದೆ. ಎಷ್ಟು ಸಲ ನೀರು ಖಾಲಿ ಮಾಡಿಸಿದರೂ ಆ ವಾಸನೆ ಹೋಗಲಿಲ್ಲ. ಹಾಗಾಗಿ ಎಣ್ಣೆಯೇ ಇಲ್ಲದ ಡ್ರೈ ಟೈಪ್ ಹಾಕೋಣವೆಂದೆ.

“ಎಣ್ಣೆಯೇ ಇಲ್ಲದಿದ್ದರೆ ಅದು ತಣಿಯುವುದು ಹೇಗೆ ಮಾರಾಯರೇ?” ಎಂದು ಮಾಲೀಕರು ಕೇಳಿದರು. ಇದರಲ್ಲಿ ವೈಂಡಿಂಗನ್ನು, ಅಂದರೆ ಕರೆಂಟು ಹರಿಯುವ ಸುರುಳಿಗಳನ್ನು, ನಿರ್ವಾತದಲ್ಲಿ ಎರೆದ ಎಪಾಕ್ಸಿ ರಾಳ ಕಾಯುತ್ತದೆ, ಶಾಖವನ್ನು ಸುತ್ತಲಿನ ಗಾಳಿ ಒಯ್ಯುತ್ತದೆ. ಖನಿಜ ತೈಲವು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಿಡಿ ತಗುಲಿ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಒಳಗೆ ಶಾರ್ಟ್ ಆಗಿ ಟ್ಯಾಂಕ್ ಒಡೆದರೆ ಉರಿಯುವ ಎಣ್ಣೆಯೇ ಹರಿದು ಬರುತ್ತದೆ. ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಬೆಂಕಿಯ ಮೂಲ ತಪ್ಪಿದೊಡನೆ ತಾನೇ ಆರುತ್ತದೆ. ಈ ಕಾರಣದಿಂದಲೇ ನಾವು ಅದನ್ನು ನೆಲಮಹಡಿಯ ಕೋಣೆಯೊಳಗೇ ಇಡಲು ಸಾಧ್ಯವಾಯಿತು. ಬೆಲೆ ಹೆಚ್ಚು, ಗುಂಯ್ಗುಡುವ ಸದ್ದೂ ತುಸು ಹೆಚ್ಚು. ಅದನ್ನು ಮೊದಲೇ ಹೇಳಿಬಿಟ್ಟೆ.

ನನ್ನನ್ನು ನಿಜವಾಗಿ ಕಾಡಿದ್ದು ಕಡಲ ಗಾಳಿ. ಆಟಿಯ ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಬಂದಿಳಿಯಿತು. ಸಂಪರ್ಕಕ್ಕೆ ಕಾಯುತ್ತ ಮೂರು ವಾರ ಸುಮ್ಮನೆ ನಿಂತಿದ್ದರಿಂದ ನಿರೋಧನ (ಕರೆಂಟು ಸೋರದಂತೆ ತಡೆಯುವ ಗುಣ) ಅಳೆಯುವ ಮೆಗ್ಗರ್ ಹಾಕಿದಾಗ ಅದು ಗಣನೀಯವಾಗಿ ಇಳಿದಿತ್ತು. ಉಪ್ಪು, ಧೂಳು, ತೇವ ಮೂರೂ ಕೂಡಿದರೆ ರಾಳದ ಮೈಮೇಲೆಯೇ ಕರೆಂಟು ಹರಿದು ಸುಟ್ಟ ಗೆರೆ ಮೂಡುತ್ತದೆ. ಎರಡು ದಿನ ಹೀಟರಿನಿಂದ ಒಣಗಿಸಿ, ರೀಡಿಂಗ್ ಮೇಲೇರಿದ ಬಳಿಕವೇ ಲೈನಿಗೆ ಸೇರಿಸಿ ಚಾರ್ಜ್ ಮಾಡಿದೆ. ನಡೆಯುತ್ತಿರುವಾಗ ಅದರ ಶಾಖವೇ ತೇವವನ್ನು ದೂರವಿಡುತ್ತದೆ, ನಿಲ್ಲಿಸಿದಾಗಲೇ ಅಪಾಯ. ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯೊಳಗೆ ಸ್ಪೇಸ್ ಹೀಟರ್ ಕೂಡಿಸಿದೆ. ಪೂರ್ತಿ ಲೋಡಿನಲ್ಲಿ ನಾಲ್ಕೈದು ಕಿಲೊವ್ಯಾಟ್ ಶಾಖ ಕೋಣೆಗೇ ಬರುವುದರಿಂದ ಗೋಡೆಯ ಬುಡದಲ್ಲಿ ಗಾಳಿ ಒಳಬರಲು, ಎದುರು ಗೋಡೆಯ ಮೇಲ್ತುದಿಯಲ್ಲಿ ಹೊರಹೋಗಲು ಕಿಂಡಿಗಳನ್ನು ಬಿಡಿಸಿದೆ. 155 ಡಿಗ್ರಿ ತಾಳುವ ಎಫ್ ದರ್ಜೆಯ ನಿರೋಧನವಾದ್ದರಿಂದ, 140ಕ್ಕೆ ಎಚ್ಚರಿಕೆಯ ಗಂಟೆ, 150ಕ್ಕೆ ಟ್ರಿಪ್ (ತಾನೇ ಕರೆಂಟು ಕಡಿಯುವುದು) ಎಂದು ನಿಗದಿಪಡಿಸಿದೆವು.

ವರ್ಷಕ್ಕೊಮ್ಮೆ ಲೈನ್ ಆಫ್ ಮಾಡಿ, ಅರ್ಥ್ ಕೊಟ್ಟು, ವ್ಯಾಕ್ಯೂಮಿನಿಂದ ಧೂಳು ತೆಗೆಯುತ್ತೇನೆ. ಒದ್ದೆ ಬಟ್ಟೆ ಸಲ್ಲದು. ಮೊದಲ ಸಲ ಹೋದಾಗ ಕಾವಲುಗಾರರು ಎಣ್ಣೆಯಿಲ್ಲವೆಂಬ ಧೈರ್ಯದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗಾಳಿಯ ಕಿಂಡಿಗೆ ಅಡ್ಡವಾಗಿ ಒಟ್ಟಿದ್ದರು. ಎಪಾಕ್ಸಿಯ ಮೈಯನ್ನು ಮುಟ್ಟಬಾರದು, ಅದು ಪ್ಲಾಸ್ಟಿಕ್ಕಿನಂತೆ ಕಂಡರೂ ಪ್ರಾಣಾಪಾಯವೆಂದು ಅವರಿಗೆ ತಿಳಿಹೇಳಿದೆ. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯ ಬಾಗಿಲು ತೆರೆದರೆ ಬ್ರೇಕರ್ ಟ್ರಿಪ್ ಆಗುವಂತೆ ಸ್ವಿಚ್ ಹಾಕಿಸಿದ್ದು ಅದೇ ವಾರ.